ನಡಾವಳಿ ಪುಸ್ತಕ

ಹೆಣ್ಣು ಬೇಕಾಗಿದೆ ಎಂದರು ಚೇರ್ಮನ್ನರು,
ಮಾರ್ಚ್ ಮುಗಿಯುವುದರೊಳಗೆ.
ಗೋತ್ರ ಕೇಳಲಿಲ್ಲ, ಜಡೆಯ ಉದ್ದ ನೋಡಲಿಲ್ಲ,
ಹಾಡಲು ಬರುತ್ತದೆಯೇ ಎನ್ನಲಿಲ್ಲ.
ಪ್ಯಾನ್ ಕಾರ್ಡು, ಎರಡು ಫೋಟೋ ಸಾಕು.
ಕಾನೂನು ಬಂದಿತ್ತು,
ದಂಡದ ಮೊತ್ತ ನಾನೇ ಓದಿ ಹೇಳಿದ್ದೆ.
ಮೂರು ದಿನ ಊರೆಲ್ಲ ಹುಡುಕಿ
ಹೆಣ್ಣು ಮನೆಯೊಳಗೇ ಸಿಕ್ಕಿತು:
ತಮ್ಮನ ಹೆಂಡತಿ ಅನಂತಮತಿ,
ಚಾಮರಾಜಪೇಟೆ, ಬಿ.ಎಸ್ಸಿ., ಗಣಿತ.
ಗಣಿತವನ್ನು ಯಾರೂ ಗಮನಿಸಲಿಲ್ಲ.

ಪೀಣ್ಯ ಎರಡನೇ ಹಂತ, ಪಂಪಿನ ಕಾರ್ಖಾನೆ.
ನಾನು ಅಲ್ಲಿ ಕಂಪನಿ ಸೆಕ್ರೆಟರಿ,
ನಡಾವಳಿ ಬರೆಯುವವಳು.
ಬರೆಯುವವಳು ಮೇಜಿನ ಲೆಕ್ಕಕ್ಕೆ ಸೇರುವುದಿಲ್ಲ.

ವರ್ಷಕ್ಕೆ ನಾಲ್ಕು ಸಲ ಬರುತ್ತಿದ್ದರು.
ನಾನು ಪೆನ್ಸಿಲ್ಲಿನಲ್ಲಿ ಗುಣಿಸು ಗುರುತು ಹಾಕಿದಲ್ಲಿ
ಅವರು ಇಂಕಿನಲ್ಲಿ ಹೆಸರು ಬರೆಯುತ್ತಿದ್ದರು.
ಗೋಡಂಬಿ ತಟ್ಟೆ ಅವರ ತನಕ ಬರುವಷ್ಟರಲ್ಲಿ
ತಳದ ಉಪ್ಪಷ್ಟೇ ಉಳಿದಿರುತ್ತಿತ್ತು.

ಎರಡನೇ ಮಹಡಿಯಲ್ಲಿದ್ದದ್ದು ಗಂಡಸರ ಶೌಚಾಲಯ.
ಇನ್ನೊಂದು ಬೇಕಾದೀತೆಂದು ಕಟ್ಟಿಸಿದವರಿಗೆ ಹೊಳೆದಿರಲಿಲ್ಲ.
ಮೆಟ್ಟಿಲಿಳಿದು, ಪ್ಯಾಕಿಂಗ್ ಶೆಡ್ ದಾಟಿ,
ವೈಂಡಿಂಗ್ ಹುಡುಗಿಯರ ಸಾಲಿನಲ್ಲಿ ನಿಂತರು ಡೈರೆಕ್ಟರು.
ತಾಮ್ರದ ತಂತಿ ಸುತ್ತಿ ಸುತ್ತಿ
ಬೆರಳ ತುದಿ ಸೀಳಿಕೊಂಡವರ ನಡುವೆ
ರೇಷ್ಮೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೇಳಿದರು:
"ಒಂಬತ್ತನೇ ಟಿಪ್ಪಣೀಲಿ
'ಇತರೆ ಮುಂಗಡ' ಅಂತ ಎರಡು ಕೋಟಿ ಇದೆಯಲ್ಲ,
ಯಾರಿಗೆ ಕಣ್ರೀ ಅದು?"

ಓದುತ್ತಾರೆ ಎಂದು ನನಗೆ ಗೊತ್ತಾದದ್ದು ಹಾಗೆ.

ಸೆಮಿನಾರಿನಲ್ಲಿ ಕೇಳಿ ಬಂದದ್ದನ್ನು ಹೇಳಿದೆ.
ನಾರ್ವೆಯಲ್ಲಿ ನೂರಕ್ಕೆ ನಲವತ್ತಂತೆ,
ಮೀರಿದರೆ ಕಂಪನಿಯನ್ನೇ ಮುಚ್ಚಿಸುತ್ತೇವೆ ಅಂದರಂತೆ.
ಫ್ರಾನ್ಸಿನಲ್ಲೂ ನಲವತ್ತು.
ಜರ್ಮನಿಯಲ್ಲಿ ಮೂವತ್ತು; ಹೆಂಗಸು ಸಿಗದಿದ್ದರೆ
ಕುರ್ಚಿ ಖಾಲಿ ಇರಬೇಕು, ಗಂಡಸು ಕೂರುವಂತಿಲ್ಲ.
ಇಂಗ್ಲೆಂಡಿನವರು ಮಾತ್ರ
ಕಾನೂನೇಕೆ, ಮಾತಲ್ಲೇ ಮುಗಿಸೋಣ ಎಂದರಂತೆ.
"ನಮ್ಮಲ್ಲಿ?"
"ಒಂದು."
"ನೂರಕ್ಕಾ?"
"ಅಲ್ಲ, ಮೇಜಿಗೆ."
ನಲ್ಲಿಯ ಕೆಳಗೆ ಕೈ ಹಿಡಿದೇ ಏಳರಿಂದ ಭಾಗಿಸಿದರು.
"ಹದಿನಾಲ್ಕೂ ಚಿಲ್ಲರೆ. ಆ ಚಿಲ್ಲರೆ ಮುಗಿಯೋದೇ ಇಲ್ಲ ನೋಡಿ,
ಭಾಗಿಸ್ತಾ ಹೋದ್ರೆ ಬರ್ತಾನೇ ಇರುತ್ತೆ."

ಆಗಸ್ಟಿನ ಸಭೆ.
ಒಂಬತ್ತನೇ ಟಿಪ್ಪಣಿಯನ್ನು ಅವರು ಗಟ್ಟಿಯಾಗಿ ಓದಿ ಕೇಳಿದರು.
ಅಲ್ಲಿಯತನಕ ಎ.ಸಿ.ಗೆ ಸದ್ದಿದೆಯೆಂದು ನನಗೆ ತಿಳಿದಿರಲಿಲ್ಲ.
ಗಂಡ ನೀರು ಕುಡಿದರು.
ಭಾವ ನಕ್ಕರು: "ಅಮ್ಮನಿಗೆ ಕಾಫಿ ಕೊಡ್ರೋ."
ಕಾಫಿ ಬಂತು. ಪೂರ್ತಿ ಕುಡಿದು, ಲೋಟ ಇಟ್ಟು,
ಅದೇ ಪ್ರಶ್ನೆ ಮತ್ತೊಮ್ಮೆ, ಅದೇ ದನಿಯಲ್ಲಿ.

ಕರಡು ಹೀಗಿರಲಿ ಎಂದು ಚೀಟಿ ಬಂತು:
'ಸದಸ್ಯರೊಬ್ಬರಿಂದ ವಿವರಣೆ ಕೋರಲಾಯಿತು; ನೀಡಲಾಯಿತು.'
ಇಪ್ಪತ್ತೊಂದು ವರ್ಷದಿಂದ ಆ ಮೇಜಿಗೆ
ಕರ್ಮಣಿ ಪ್ರಯೋಗ ಕಲಿಸಿದವಳು ನಾನೇ.
ಆ ಸಂಜೆ ಕರ್ತರಿಯಲ್ಲಿ ಬರೆದೆ:
'ಅನಂತಮತಿಯವರು ಎರಡು ಸಲ ಕೇಳಿದರು.
ಚೇರ್ಮನ್ನರು ಉತ್ತರಿಸಲಿಲ್ಲ.'
ಪೆನ್ಸಿಲ್ಲಿನಲ್ಲಿ ಗುಣಿಸು ಗುರುತು ಹಾಕಿ ಮುಂದಿಟ್ಟೆ.
ಅವರೂ ಓದದೆ ಸಹಿ ಮಾಡಿದರು.

ನೂರ ಹನ್ನೆರಡನೇ ಪುಟ.
ಪುಟಕ್ಕೆ ಸಂಖ್ಯೆ ಇರುತ್ತದೆ, ಹರಿಯುವಂತಿಲ್ಲ.

ಮರುವರ್ಷ ಸರದಿಯ ನಿವೃತ್ತಿ ಬಂತು,
ಮರುನೇಮಕ ಬರಲಿಲ್ಲ.
ಈಗಿನ ಮೇಡಂ ಇನ್ನೈದು ಕಂಪನಿಗಳಲ್ಲೂ ಇದ್ದಾರೆ.
ನಾರ್ವೆಯಲ್ಲಿ ಇಂಥವರಿಗೆ
ಬಂಗಾರದ ಲಂಗದವರು ಅನ್ನುತ್ತಾರಂತೆ.
ಜಾಣೆ, ಸುಳ್ಳಾಡಬಾರದು;
ಒಳ್ಳೆಯ ಪ್ರಶ್ನೆಗಳನ್ನೇ ಕೇಳುತ್ತಾರೆ,
ಹಿಂದಿನ ದಿನವೇ ಪಟ್ಟಿ ಕಳಿಸಿ.

ಎರಡನೇ ಮಹಡಿಗೆ ಹೊಸ ಶೌಚಾಲಯವಾಗಿದೆ.
ಬಿಳಿ ಟೈಲ್ಸು, ಕನ್ನಡಿ, ಬಾಗಿಲ ಮೇಲೆ ಹೆಣ್ಣಿನ ಚಿತ್ರ.
ಡೈರೆಕ್ಟರು ಯಾರೂ ಕೆಳಗಿಳಿಯಬೇಕಿಲ್ಲ.

ನಾನು ಹಳೇ ಅಭ್ಯಾಸಕ್ಕೆ ಈಗಲೂ ಅಲ್ಲಿಗೇ ಹೋಗುತ್ತೇನೆ,
ಬೀಗದಕೈ ನನ್ನ ಹತ್ತಿರವೇ ಇದೆ.
ಮೊನ್ನೆ ಸಾಲಿನಲ್ಲಿ ಒಬ್ಬಳು
ಬೆರಳಿಗೆ ಹೊಸ ಪ್ಲಾಸ್ಟರ್ ಸುತ್ತಿಕೊಳ್ಳುತ್ತಾ ಕೇಳಿದಳು:
"ಆವಮ್ಮ ಬರಲ್ವಾ ಮೇಡಂ ಇನ್ನು?
ಅದೇ, ಲೆಕ್ಕ ಕೇಳ್ತಿದ್ರಲ್ಲ."