ಹನ್ನೊಂದು ನಿಮಿಷ ಜಾಸ್ತಿ

ಬಸ್ಸಿಳಿದರೆ ಮನೆಗೆ ನಾಲ್ಕೇ ನಿಮಿಷ.
ಆ ನಾಲ್ಕರೊಳಗೆ ಎರಡು ವೈನ್ಸು, ಒಂದು ಬಾರು,
ಬಾರಿನ ಬಾಗಿಲಲ್ಲಿ ಕಡಲೆಕಾಯಿಯವನು.
ನನ್ನ ಹೆಸರು ಗೊತ್ತಿಲ್ಲ ಅವನಿಗೆ, ಮುಖ ಗೊತ್ತು.
ಇಂಥ ಮುಖಗಳೆಲ್ಲ ಗೊತ್ತು.

ಅದಕ್ಕೇ ಮೊದಲ ದಿನವೇ ಪದ್ಮರಾಜ್ ಸರ್
ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ನಕ್ಷೆ ಬರೆದುಕೊಟ್ಟರು:
ಹಿಟ್ಟಿನ ಗಿರಣಿ, ಎಡಕ್ಕೆ ಎಮ್ಮೆ ಕೊಟ್ಟಿಗೆ,
ಮೋರಿ ದಾಟಿದರೆ ಹಾಲಿನ ಬೂತು, ಆಮೇಲೆ ನೇರ.
ಹನ್ನೊಂದು ನಿಮಿಷ ಜಾಸ್ತಿ.
"ಚಪ್ಪಲಿ ಸವೆದರೆ ಸವೆಯಲಿ," ಅಂದರು,
"ಲಿವರಿನಷ್ಟು ದುಬಾರಿಯಲ್ಲ."

ಮೂಡಲಪಾಳ್ಯದ ಈ ಮನೆಗೆ ಬೋರ್ಡಿಲ್ಲ.
ಬೀದಿಯವರು ಪೀಜಿ ಅಂದುಕೊಂಡಿದ್ದಾರೆ.
ಓನರಮ್ಮನಿಗೆ ಮಾತ್ರ ಗೊತ್ತು; ಶುಕ್ರವಾರ
ಡಬ್ಬಿ ತುಂಬ ಚಿತ್ರಾನ್ನ ತಂದು
ಒಬ್ಬೊಬ್ಬರ ಕಣ್ಣುಗುಡ್ಡೆ ನೋಡಿ ಹೋಗುತ್ತಾಳೆ.
ಬಾಗಿಲಲ್ಲಿ ಪುಸ್ತಕ: ಹೊರಟ ಹೊತ್ತು, ಬಂದ ಹೊತ್ತು, ಸಹಿ.
ಪಕ್ಕದಲ್ಲಿ ಊದುವ ಯಂತ್ರ.
ಕೆಮ್ಮಿನ ಸಿರಪ್ಪು ಬೀರುವಿನಲ್ಲಿ,
ಬೀರುವಿನ ಬೀಗದ ಕೈ ಸರ್ ಉಡಿದಾರದಲ್ಲಿ.
ಆರು ಮಂಚ. ಐದು ಜನ.
ಆರನೆಯದರ ಹಾಸಿಗೆ ಇನ್ನೂ ಸುತ್ತಿಟ್ಟಿಲ್ಲ;
ಟೂತ್‌ಬ್ರಷ್ ಬಿಟ್ಟು ಹೋದ ನಾಗೇಂದ್ರಪ್ಪ
ಬರಬಹುದು ಅಂತ.

ಏಳೂವರೆ ಕೆಟ್ಟ ಹೊತ್ತು.
ಕೈ ತಾನಾಗಿ ಜೇಬು ತಡವುತ್ತೆ, ಗಂಟಲು ತಾನಾಗಿ ಒಣಗುತ್ತೆ.
ಆಗ ಇಮ್ತಿಯಾಜ್ ಎಲ್ಲರ ಮುಂದೆ ಈರುಳ್ಳಿ ಸುರಿಯುತ್ತಾನೆ, ಹೆಚ್ಚೋಕೆ,
ಎರಡು ಕೇಜಿ.
ಐದು ಜನಕ್ಕೆ ಎರಡು ಕೇಜಿ ಯಾತಕ್ಕೆ ಅಂತ ಯಾರೂ ಕೇಳಲ್ಲ.
ಎಲ್ಲರ ಕಣ್ಣಲ್ಲೂ ನೀರು,
ಯಾರದು ಯಾತಕ್ಕೆ ಅಂತಲೂ ಕೇಳಲ್ಲ.

ಭಾನುವಾರ ಆರು ನಿಮಿಷ ಫೋನು.
ಐದು ನಿಮಿಷ ಅವಳು ಮಗಳ ಫೀಸು, ಸಿಲಿಂಡರು,
ಸೋರುವ ನಲ್ಲಿಯ ವಾಷರು.
ಉಳಿದ ಒಂದು ನಿಮಿಷ
ಇಬ್ಬರೂ ಸುಮ್ಮನೆ ಫೋನು ಹಿಡಿದಿರುತ್ತೇವೆ.

ಕಾಟನ್‌ಪೇಟೆಯ ಪ್ರೆಸ್ಸಿನವರು ಮತ್ತೆ ನನ್ನನ್ನು
ಮೆಷಿನ್ನಿಗೆ ಬಿಟ್ಟುಕೊಂಡದ್ದು ಮೂವತ್ತನೇ ದಿನ.
ನಾಲ್ಕು ಬಣ್ಣ ಒಂದರ ಮೇಲೊಂದು ಕೂರಬೇಕು;
ಕೂದಲೆಳೆ ಜರುಗಿದರೂ ತುಟಿ ಒಂದು ಕಡೆ, ಲಿಪ್‌ಸ್ಟಿಕ್ ಒಂದು ಕಡೆ.
ಕುಡಿಯುತ್ತಿದ್ದಾಗ ನಾನು ತೆಗೆದ ಮದುವೆ ಕಾರ್ಡಿನಲ್ಲಿ
ಗಣಪತಿಗೆ ಎರಡು ಸೊಂಡಿಲು ಬಂದಿತ್ತು.
ಈಗ ಭೂತಗನ್ನಡಿ ಇಟ್ಟು ನೋಡುತ್ತೇನೆ,
ಪ್ಲಸ್ಸಿನ ಮೇಲೆ ಪ್ಲಸ್ಸು.
ಕೈ ನಿಂತಿದೆ. ಪೂರ್ತಿ ಅಲ್ಲ.

ಗುರುವಾರ ಬಂದ ಕೆಲಸ: ಕರಪತ್ರ, ಐದು ಸಾವಿರ, ಒಂದೇ ಮಗ್ಗುಲು.
ಶುಭಾರಂಭ. ಬಾರ್ ಅಂಡ್ ರೆಸ್ಟೋರೆಂಟ್. ಎ.ಸಿ. ಸೌಲಭ್ಯವುಂಟು.
ಮೂಡಲಪಾಳ್ಯ, ಹಿಟ್ಟಿನ ಗಿರಣಿ ಪಕ್ಕ,
ಎಮ್ಮೆ ಕೊಟ್ಟಿಗೆ ಎದುರು.

ನೀಲಿ ಬಂತು. ಕೆಂಪು ಬಂತು.
ಹಳದಿ ಬಂದಾಗ ಲೋಟ ತುಂಬಿತು.
ಕೊನೆಗೆ ಕಪ್ಪು ಕೂತು
ನನ್ನ ದಾರಿಯನ್ನೇ ನನಗೆ ಓದಿ ಹೇಳಿತು.

ಕೆಡಿಸಬಹುದಿತ್ತು. ಒಂದು ತಿರುಪು, ಕಾಲು ಸುತ್ತು,
ವಿಳಾಸದ ಅಕ್ಷರಗಳಿಗೆಲ್ಲ ನೆರಳು ಮೂಡುತ್ತಿತ್ತು.
ಕೆಡಿಸಲಿಲ್ಲ.
ನಾನು ಈವರೆಗೆ ತೆಗೆದ ಅತಿ ಚೊಕ್ಕ ಅಚ್ಚು ಅದು.
ಸುಳ್ಳೇಕೆ, ಕಟ್ಟು ಕಟ್ಟುವಾಗ
ಬಾಯಲ್ಲಿ ನೀರೂ ಬಂತು.

ರಾತ್ರಿ ಸುತ್ತ ಕೂತಾಗ ಒಂದು ಪ್ರತಿ ನಡುವೆ ಇಟ್ಟೆ.
ಯಾರೂ ಮುಟ್ಟಲಿಲ್ಲ.
ಆರೋನ್, ಇನ್ನೂ ಹತ್ತೊಂಬತ್ತು, ಬಗ್ಗಿ ನೋಡಿ
"ಅಣ್ಣ, ಪ್ರಿಂಟಿಂಗ್ ಸೂಪರ್" ಅಂದ.
ಮೊದಲು ಲೋಕನಾಥ ನಕ್ಕ. ಆಮೇಲೆ ತಡೆಯೋಕಾಗದೆ ಎಲ್ಲರೂ,
ಹದಿನಾಲ್ಕು ವರ್ಷದಿಂದ ಮುಟ್ಟದ ಸರ್ ಕೂಡ,
ಕೆಮ್ಮು ಬರುವವರೆಗೆ.
ಕೆಮ್ಮುತ್ತಲೇ ಅದನ್ನೆತ್ತಿ ಮಗುಚಿದರು. ಹಿಂಬದಿ ಖಾಲಿ.
ಪೆನ್ಸಿಲು ಕೇಳಿದರು.

ಗಿರಣಿ ಬೇಡ. ರಾಜಕಾಲುವೆ ದಂಡೆ ಹಿಡಿದು,
ಗುಜರಿ ಅಂಗಡಿ, ಬಲಕ್ಕೆ.
ಹತ್ತೊಂಬತ್ತು ಜಾಸ್ತಿ.
"ಅಲ್ಲೂ ಒಂದು ತೆರೆದರೆ?" ಕೇಳಿದೆ.

ಸರ್ ಪೆನ್ಸಿಲಿನ ತುದಿ ನೆಕ್ಕಿದರು,
ಗುಜರಿ ಅಂಗಡಿ ಮುಂದೆ ನಾಲ್ಕು ಕಾಲಿನ ಏನನ್ನೋ ಬರೆದರು,
ಬಾಲ ಹಾಕಿದರು.
"ಈ ನಾಯಿ ಕಚ್ಚುತ್ತೆ," ಅಂದರು,
"ನೋಡಿಕೊಂಡು ಬಾ."