ಮೂವತ್ತೇಳು

ಬನಹಟ್ಟಿಯ ಒಂದು ಮಾಳಿಗೆಯ ಮೇಲೆ
ಒಂದು ಟೇಬಲ್ಲು, ಎರಡು ಕುರ್ಚಿ.
ಕೆಳಗೆ ಹದಿನಾಲ್ಕು ಮಗ್ಗ.
ಕಪ್ಪಿನಲ್ಲಿಯ ಚಹಾ ಕೂಡ
ನಿಮಿಷಕ್ಕೆ ನೂರಿಪ್ಪತ್ತು ಸಲ ನಡುಗುತ್ತದೆ.

ನನ್ನ ಕೆಲಸ ಸಣ್ಣದು.
ಜಕಾರ್ಡಿನ ಕೊಕ್ಕೆಗಳನ್ನು ಎತ್ತಿ ಇಳಿಸುವ ಮಾಡ್ಯೂಲು
ಕರ್ನಲ್ಲಿನೊಳಗೆ ಹೊಕ್ಕು ಕೂತು ಆರು ವರ್ಷವಾಯಿತು.
ಅದಕ್ಕೆ ಹನ್ನೊಂದು ಕಿವಿ.
ಯಾವುದನ್ನು ಎಷ್ಟು ಹಿಂಡಿದರೆ ಏನಾಗುತ್ತದೆಂದು
ಬರೆದಿಡುವುದು.

ಹೆಸರು. ಜಾತಿ.
ಇಲ್ಲಿ ಜಾತಿಯೆಂದರೆ
ಪೂರ್ಣಾಂಕವೋ, ಹೌದು-ಅಲ್ಲವೋ, ಅಷ್ಟೆ.
ಕನಿಷ್ಠ, ಗರಿಷ್ಠ.
ಆಮೇಲೆ ಡೀಫಾಲ್ಟು:
ಯಾರೂ ಏನೂ ಹೇಳದೇ ಇದ್ದರೆ ಇರುವ ಬೆಲೆ.
ನಮ್ಮ ಓಣಿಯಲ್ಲಿ ಬಹಳ ಸಂಗತಿ ಹಾಗೆಯೇ ಇವೆ.

ಎರಡು ದಿನದಲ್ಲಿ ಹತ್ತು ಮುಗಿದವು.
ಹನ್ನೊಂದನೆಯದು ಡ್ರಾಪ್_ಡಿಲೇ.
ಡೀಫಾಲ್ಟು ಮೂವತ್ತೇಳು.
ಪಕ್ಕದಲ್ಲಿ ಒಂದೇ ಮಾತು: ಮುಟ್ಟಬ್ಯಾಡ್ರಿ.

ಬರೆದವನು ಎದುರಿಗೇ ಇದ್ದಾನೆ, ವಿದ್ಯಾಧರ,
ಚುರುಮುರಿಯಲ್ಲಿ ಶೇಂಗಾ ಹುಡುಕುತ್ತ.
"ಮೂವತ್ತೇಳ ಯಾಕೋ?"
"ನಾ ಬರದೀನ್ಯಾ? ಇರಬೇಕು."

ನಲವತ್ತಾಗಿದ್ದರೆ ಅಂದಾಜು ಅಂದುಕೊಳ್ಳುತ್ತಿದ್ದೆ.
ಇದಕ್ಕೆ ಮೂಲೆಗಳಿವೆ.
ಎಲ್ಲೋ ಬಡಿದುಕೊಂಡು ಬಂದ ಅಂಕಿ ಇದು.

ಎಣ್ಣೆ ಡಬ್ಬಿ ಹಿಡಿದು ಬಂದ ಮುಕ್ತುಮಸಾಬ ನಕ್ಕ.
"ಮೂವತ್ತಾರ ಇಟ್ಟ ದಿವಸ ನಾ ಇದ್ದೆ.
ಹಳೇ ಮಶಿನ್ ಅದು, ಸ್ಪ್ರಿಂಗ್ ಸೋತಾವ.
ಕೊಕ್ಕಿ ಇನ್ನಾ ಇಳಿಯೂದ್ರಾಗ ಲಾಳಿ ಬಂದಬಿಡ್ತು.
ಸಕ್ಕೂಬಾಯಿ ಹಾಸು..."
ಮುಂದಿನದನ್ನು ಕೈಯಲ್ಲಿ ತೋರಿಸಿದ,
ತುಂಡು, ತುಂಡು, ತುಂಡು.

ಒಂದು ಮಿಲಿಸೆಕೆಂಡು.
ಕಣ್ಣೆವೆ ಒಮ್ಮೆ ಮಿಟುಕಲು ಅಂಥವು ನೂರು ಬೇಕು.
ಆ ಒಂದಕ್ಕೆ ಅವಳು ರಾತ್ರಿಯಿಡೀ ಬಗ್ಗಿ
ಎಳೆಗೆ ಎಳೆ ಗಂಟು ಹಾಕಿದಳಂತೆ,
ಕರೆಂಟು ಬೇರೆ ಹೋಗಿ,
ಬಾಯಲ್ಲಿ ಬ್ಯಾಟರಿ ಕಚ್ಚಿಕೊಂಡು.

ಬರೆದೆ:
ಕೊಕ್ಕೆಗೆ ಇಳಿ ಅಂದ ಮೇಲೆ
ಲಾಳಿ ಬಿಡುವ ತನಕ ಕಾಯುವ ಹೊತ್ತು, ಮಿಲಿಸೆಕೆಂಡುಗಳಲ್ಲಿ.
ಎಲ್ಲರೂ ಓದಬಹುದು,
ಮಗ್ಗ ಓಡುವಾಗ ಯಾರೂ ತಿದ್ದುವಂತಿಲ್ಲ.
ಸ್ಪ್ರಿಂಗು ಹಳೆಯದಿದ್ದರೆ ಮೂವತ್ತೇಳಕ್ಕಿಂತ ಕೆಳಗೆ ಹೋಗಬೇಡಿ.
ಮೂವತ್ತಾರಕ್ಕೆ ನಾನೂರು ಎಳೆ ಹರಿದಿವೆ.

"ಕಡೀ ಸಾಲು ತಗಿ," ಅಂದ ವಿದ್ಯಾಧರ,
"ಕೈಪಿಡಿ ಅದು, ಪಂಚನಾಮಿ ಅಲ್ಲ."
ತೆಗೆಯಲಿಲ್ಲ.

ಸಂಜೆ ಕಂಡಿಕೆಯ ಲೆಕ್ಕ ಬರೆಸಲು
ಸಕ್ಕೂಬಾಯಿ ಮೇಲೆ ಬಂದಳು. ಓದಿ ಹೇಳಿದೆ.
ಸೆರಗಿನ ತುದಿಯಿಂದ ಕನ್ನಡಕ ಒರೆಸಿ,
ಪರದೆಗೆ ಮೂಗು ತಾಗುವಷ್ಟು ಬಾಗಿ
ಅಂಕಿಯ ಮೇಲೆ ಬೆರಳಿಟ್ಟಳು.

"ನಾಕನೂರಲ್ಲ. ಮುನ್ನೂರಾ ಹನ್ನೆರಡ.
ಗಂಟ ಹಾಕಿದಾಕಿ ನಾ.
ಬರಿಯೂದಿದ್ರ ಬರೋಬರಿ ಬರಿ."

ತಿದ್ದಿದೆ.
ಸೇವ್ ಮಾತ್ರ ಒತ್ತಲಿಲ್ಲ.
ಇನ್ನೇನಾದರೂ ನೆನಪಾಗಿ ತಿರುಗಿ ಬಂದಾಳೆಂದು
ಅವಳು ಪೂರಾ ಇಳಿಯುವ ತನಕ
ಮೆಟ್ಟಿಲ ಸಪ್ಪಳ ಎಣಿಸುತ್ತ ಕೂತೆ.