ಙ ಖಾನೆ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ
ಎರಡಾಳುದ್ದದ ಅಂಗಡಿ. ಬೋರ್ಡಿಲ್ಲ.
ಯಾಕೆ ಅಂತ ಕೇಳಿದರೆ ಗೌಸ್ ಪೀರ್ ಸಾಬರು
"ನನ್ನ ಶ ಇನ್ನೂ ನೆಟ್ಟಗಾಗಿಲ್ಲಮ್ಮ" ಅನ್ನುತ್ತಿದ್ದರು.

ಹದಿನಾಲ್ಕಕ್ಕೆ ಅಲ್ಲಿ ಸೇರಿದೆ,
ಅಚ್ಚುಮೊಳೆ ಬಿಡಿಸಿ ಖಾನೆಗೆ ಹಾಕುವ ಕೆಲಸಕ್ಕೆ.
ಅವರ ಅಮ್ಮ ನೂಲು ಬಿಚ್ಚುವವರು.
ಕುದಿನೀರಿನ ಬಾಣಲೆಯಲ್ಲಿ ಎಳೆ ಹುಡುಕಿ ಹುಡುಕಿ
ಬೆರಳೆಲ್ಲ ಬೆಳ್ಳಗೆ ಬೆಂದಿರುತ್ತಿತ್ತಂತೆ.
ಪಾಠ ಅಲ್ಲೇ ಆಗಿದ್ದು, ಅನ್ನುತ್ತಿದ್ದರು:
ಗೂಡಿಗೆ ಮೂಲೆ ಇಲ್ಲ, ಕನ್ನಡಕ್ಕೂ ಇಲ್ಲ;
ಎಳೆ ಎಲ್ಲಿಂದ ಹೊರಟಿದೆ ಅಂತ ಸಿಕ್ಕಿಬಿಟ್ಟರೆ
ಉಳಿದದ್ದು ತಾನೇ ಬರುತ್ತೆ.

ಮನೆಯಲ್ಲಿ ಉರ್ದು, ಗಿರಾಕಿಯ ಬಾಯಲ್ಲಿ ತೆಲುಗು,
ಕೈಯಲ್ಲಿ ಕನ್ನಡ.
ಕಲ್ಲಿನ ಮೇಲೆ ಕಟ್ಟಿದ ಪುಟ
ಬಲದಿಂದ ಎಡಕ್ಕೆ ಓದಿಸಿಕೊಳ್ಳುತ್ತದಲ್ಲ,
ನಾನು ಆರು ತಿಂಗಳು ತಡವರಿಸಿದೆ.
ಅವರಿಗೆ ಅದು ಮದರಸಾದ ಹಳೇ ದಾರಿ.

ಮೊದಲು ಕೆತ್ತಿದ್ದು ಒಂದು ಆರು.
ಹರಾಜಿನ ಚೀಟಿಯಲ್ಲಿ ಮಸಿ ಹರಡಿ
೬ ಹೋಗಿ ೯ ಆಗಿ
ಮಳಮಾಚನಹಳ್ಳಿಯ ಒಬ್ಬ ಹೆಂಗಸಿನ ಗೂಡು
ಯಾರದೋ ಲೆಕ್ಕಕ್ಕೆ ಸೇರಿತ್ತು.
ಆ ರಾತ್ರಿ ಅರ ಹಿಡಿದು ಕೂತರು.
ಆರರ ಬಾಲ ಕೆಳಗೆಳೆದು, ಹೊರಳಿಸಿ,
ಚೀಟಿ ನೆನೆದರೂ, ಕಣ್ಣು ಮಂಜಾದರೂ
ಆರು ಆರೇ.

ಆಮೇಲೆ ಧ.
ದಿಬ್ಬೂರಹಳ್ಳಿ ಶಾಲೆಯವರು ಧನಸಹಾಯ ಕೋರಿದ್ದರು.
ಸೀಳಿನಲ್ಲಿ ಮಸಿ ತುಂಬಿತು.
ಯಾರೋ ಪುಣ್ಯಾತ್ಮರು ಬೆಳಿಗ್ಗೆ ಎದ್ದು
ಶಾಲೆಯ ಗೇಟಿಗೆ ಒಂದು ಕರು ಕಟ್ಟಿ ಹೋದರು.
ಊರು ವಾರಗಟ್ಟಲೆ ನಕ್ಕಿತು. ಅವರು ನಗಲಿಲ್ಲ.
"ಮಹಾಪ್ರಾಣ ಅಂತ ಹೆಸರಿಟ್ಟು
ಉಸಿರಾಡೋಕೆ ಕಿಂಡಿ ಬಿಡದಿದ್ರೆ ಹೆಂಗಮ್ಮ?"
ಢ, ಫ, ಭ, ಒಂದೊಂದರ ಹೊಟ್ಟೆಗೂ
ಕೂದಲೆಳೆಯಷ್ಟು ಗಾಳಿ ಬಿಟ್ಟರು.
ಒಂದು ಮಳೆಗಾಲ ಹಿಡಿಯಿತು. ಬಾಡಿಗೆ ಬಾಕಿ ಬಿತ್ತು.

ನವಿಲು ಬೇಕು, ಬಳ್ಳಿ ಬೇಕು, ಸುತ್ತ ಹೂ ಬೇಕು
ಅಂದ ಬೀಗರಿಗೆ ಅವರು ಕೊಟ್ಟದ್ದು
ಎರಡು ಹೆಸರು, ಒಂದು ತಾರೀಖು, ಮಿಕ್ಕದ್ದೆಲ್ಲ ಬಿಳಿ.
"ಬರೀ ಕಾಗದಕ್ಕೆ ದುಡ್ಡಾ ಸಾಬ್ರೇ?"
ಅಕ್ಷರವಿಲ್ಲದ ಸೀಸದ ತುಂಡು ಬೊಗಸೆ ತುಂಬ ತೆಗೆದು
ಅವರ ಅಂಗೈಗೆ ಸುರಿದರು.
ಕೈ ಬಾಗಿತು.
ಮೂರು ವರ್ಷಕ್ಕೆ ಚಿಂತಾಮಣಿಯ ಪ್ರೆಸ್ಸುಗಳೂ
ಬಿಳಿ ಬಿಡಲು ಕಲಿತವು,
ಯಾರಿಂದ ಅಂತ ಹೇಳದೆ.

ಕೆಳಸಾಲಿನ ಕೊನೆಯ ಖಾನೆ ಙದು.
ಜೇಡ ಬಿಟ್ಟರೆ ಅಲ್ಲಿಗೆ ಯಾರೂ ಹೋಗುವವರಲ್ಲ.
ಒಂದು ಸಂಜೆ ನೋಡಿದರೆ ಹೊಸದಾಗಿ ಐದು ಙ,
ಸುಳಿ ಸುಳಿಯೂ ತಿದ್ದಿ ತೀಡಿದ್ದು.
ಇದನ್ನು ಯಾರು ಕೇಳ್ತಾರೆ ಅಂದೆ.
"ಕೇಳಲ್ಲ ಅಂತ ಕುಂಟು ಮಾಡಿ ಬಿಡೋದಾ?"
ಬೀಡಿ ಹಚ್ಚಿದರು. ಮಾತು ಮುಗಿಯಿತು.

ಅವರು ಹೋದ ಮೇಲೆ ಗುಜರಿಯವನು ಬಂದ.
ಅಕ್ಷರ ಕಿಲೋ ಲೆಕ್ಕ.
ಕ-ಗೂ ಳ-ಗೂ ಒಂದೇ ರೇಟು.
ಙ ಐದನ್ನೂ ನಾನು ಸೆರಗಿಗೆ ಕಟ್ಟಿಕೊಂಡೆ.

ಮೊನ್ನೆ ಪಕ್ಕದ ಮನೆಯ ಪೋರಿ
ಕ್ಯಾಲೆಂಡರಿನ ಆರನ್ನು ಬೆರಳಲ್ಲಿ ತಿದ್ದುತ್ತಿದ್ದಳು,
ಬಾಲ ಕೆಳಗೆಳೆದು, ಹೊರಳಿಸಿ.
ಯಾರು ಹೇಳಿಕೊಟ್ಟರೇ ಅಂದೆ.
"ಅದು ಇರೋದೇ ಹಿಂಗಲ್ವಾ?" ಅಂದಳು.

ಒಮ್ಮೊಮ್ಮೆ ಮಸಿ ಹಚ್ಚಿ
ಹಳೇ ಪೇಪರಿನ ಅಂಚಿಗೆ ಙ ಒತ್ತುತ್ತೇನೆ.
ಯಾವ ಮಾತೂ ಆಗುವುದಿಲ್ಲ ಅದು.
ಚೆನ್ನಾಗಿ ಮೂಡುತ್ತದೆ.